ಪ್ರೈಮೇಟ್ ಗಣದ ಗಡಿ: ಬಾವಲಿ ಒಳಬಂದು ಹೊರಹೋದ ಮೇಲೆ

ಸಸ್ತನಿಗಳ ಹೆಚ್ಚಿನ ಗಣಗಳಿಗೆ ಒಂದು ಖಚಿತ ಗುರುತು ಇರುತ್ತದೆ. ಬಾವಲಿಗೆ ರೆಕ್ಕೆ, ಇಲಿ, ಅಳಿಲು, ಮುಳ್ಳುಹಂದಿಗಳಿಗೆ ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುವ ಬಾಚಿಹಲ್ಲು, ಆನೆಗೆ ಸೊಂಡಿಲು. ಮನುಷ್ಯನೂ ಸೇರಿರುವ ಪ್ರೈಮೇಟ್ ಗಣಕ್ಕೆ ಮಾತ್ರ ಅಂಥ ಒಂದೇ ಒಂದು ಗುರುತನ್ನು ತೋರಿಸಲು ಪ್ರಾಣಿಶಾಸ್ತ್ರಕ್ಕೆ ಸಾಧ್ಯವಾಗಿಲ್ಲ. ಹಿಡಿಯಬಲ್ಲ ಕೈ, ಚೂಪು ನಖದ ಬದಲು ಚಪ್ಪಟೆ ಉಗುರು, ಮುಂದಕ್ಕೆ ನೋಡುವ ಕಣ್ಣುಗಳು, ದೇಹದ ಅಳತೆಗೆ ದೊಡ್ಡದೆನಿಸುವ ಮಿದುಳು, ಒಂದು ಹೆರಿಗೆಗೆ ಒಂದೆರಡೇ ಮರಿಗಳು, ದೀರ್ಘವಾದ ಬಾಲ್ಯ ಎಂದು ಪಠ್ಯಪುಸ್ತಕಗಳು ಲಕ್ಷಣಗಳನ್ನು ಪಟ್ಟಿ ಮಾಡುತ್ತವೆ. ಆದರೆ ಇವುಗಳಲ್ಲಿ ಕೆಲವು ಬೇರೆ ಪ್ರಾಣಿಗಳಲ್ಲೂ ಇವೆ, ಇನ್ನು ಕೆಲವು ಪ್ರೈಮೇಟ್‌ಗಳಲ್ಲೇ ಕೆಲವಕ್ಕೆ ಇಲ್ಲ. ಕಾಲಿನ ಹೆಬ್ಬೆರಳಿನಿಂದ ಕೊಂಬೆ ಹಿಡಿಯುವ ಶಕ್ತಿ ಈ ಗಣದ ಮುಖ್ಯ ಲಕ್ಷಣಗಳಲ್ಲಿ ಒಂದು. ಅದನ್ನು ಕಳೆದುಕೊಂಡವರು ನಾವೇ.

ಈ ಕಾರಣದಿಂದಲೇ ಪ್ರೈಮೇಟ್ ಗಣದ ಗಡಿ ಸುಮಾರು ಇನ್ನೂರೈವತ್ತು ವರ್ಷ ಅತ್ತಿತ್ತ ಸರಿಯುತ್ತ ಬಂದಿದೆ. ಬಾವಲಿ ಒಳಗೆ ಬಂದು ಹೊರಗೆ ಹೋಯಿತು, ಮತ್ತೊಮ್ಮೆ ಒಳಬರಲು ಯತ್ನಿಸಿತು. ಮಡಗಾಸ್ಕರಿನ ಐ-ಐ ಎಂಬ ವಿಚಿತ್ರ ಪ್ರಾಣಿ ಅಳಿಲುಗಳ ಸಾಲಿನಲ್ಲಿ ಕುಳಿತು, ಬಹಳ ತಡವಾಗಿ ತನ್ನ ಬಳಗಕ್ಕೆ ಮರಳಿತು. ಅಳಿಲನ್ನು ಹೋಲುವ ಟ್ರೀಶ್ರೂ ಇಪ್ಪತ್ತನೆಯ ಶತಮಾನದ ಅರ್ಧಭಾಗ ನಮ್ಮ ಹತ್ತಿರದ ನೆಂಟನೆಂಬ ಗೌರವ ಅನುಭವಿಸಿ ಅದನ್ನು ಕಳೆದುಕೊಂಡಿತು. ಈ ಆಗುಹೋಗುಗಳಲ್ಲಿ ವಿಜ್ಞಾನಿಗಳ ಚಂಚಲತೆಯನ್ನಷ್ಟೇ ಕಾಣುವುದು ತಪ್ಪಾದೀತು. ‘ನೆಂಟಸ್ತಿಕೆ’ಯನ್ನು ಅಳೆಯಬೇಕಾದದ್ದು ಹೋಲಿಕೆಯಿಂದಲೋ ವಂಶದಿಂದಲೋ ಎಂಬ ಪ್ರಶ್ನೆ ಇತ್ಯರ್ಥವಾಗಲು ಅಷ್ಟು ಕಾಲ ಹಿಡಿಯಿತು ಎನ್ನುವುದು ಸರಿಯಾದೀತು.

ಮಂಗನ ದೇಹ ಮನುಷ್ಯನ ದೇಹವನ್ನು ಹೋಲುತ್ತದೆ ಎಂಬುದು ವರ್ಗೀಕರಣ ಹುಟ್ಟುವ ಮೊದಲೇ ತಿಳಿದಿದ್ದ ಸಂಗತಿ. ರೋಮನ್ ಕಾಲದ ವೈದ್ಯ ಗ್ಯಾಲನ್ ಉತ್ತರ ಆಫ್ರಿಕಾದ ಬಾರ್ಬರಿ ಮಂಗಗಳನ್ನೂ ಇತರ ಪ್ರಾಣಿಗಳನ್ನೂ ಕೊಯ್ದು ನೋಡಿ ಅಂಗರಚನೆ ಬರೆದಿದ್ದ. ಯೂರೋಪಿನ ವೈದ್ಯರು ಶತಮಾನಗಳ ಕಾಲ ಅದನ್ನೇ ಮನುಷ್ಯನ ಅಂಗರಚನೆಯೆಂದು ಓದಿದರು. 1543ರಲ್ಲಿ ವೆಸಾಲಿಯಸ್ ಮನುಷ್ಯರ ಶವಗಳನ್ನೇ ಛೇದಿಸಿ ಬರೆದ ಗ್ರಂಥ ಬಂದಾಗ ಗ್ಯಾಲನ್‌ನ ಎಷ್ಟೋ ವಿವರಗಳು ಬೇರೆ ಪ್ರಾಣಿಗಳವೆಂದು ಗೊತ್ತಾಯಿತು. 1699ರಲ್ಲಿ ಲಂಡನ್ನಿನ ವೈದ್ಯ ಎಡ್ವರ್ಡ್ ಟೈಸನ್ ಆಫ್ರಿಕಾದಿಂದ ಬಂದು ಸತ್ತಿದ್ದ ಎಳೆಯ ಚಿಂಪಾಂಜಿಯೊಂದರ ಛೇದನದ ವಿವರ ಪ್ರಕಟಿಸಿದ. ಅದು 48 ಅಂಶಗಳಲ್ಲಿ ಮಂಗಕ್ಕಿಂತ ಮನುಷ್ಯನನ್ನು ಹೆಚ್ಚು ಹೋಲುತ್ತದೆ, 34 ಅಂಶಗಳಲ್ಲಿ ಮನುಷ್ಯನಿಗಿಂತ ಮಂಗವನ್ನು ಹೆಚ್ಚು ಹೋಲುತ್ತದೆ ಎಂದು ಆತ ಲೆಕ್ಕ ಒಪ್ಪಿಸಿದ. ಹೋಲಿಕೆಗಳನ್ನು ಎಣಿಸಿ ನೆಂಟಸ್ತಿಕೆ ನಿರ್ಧರಿಸುವ ಈ ವಿಧಾನ ಮುಂದೆ ಬಹಳ ಕಾಲ ನಡೆಯಿತು. ಅದರ ಅಪಾಯವೂ ಮುಂದೆಯೇ ಕಂಡಿತು.

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1735ರಲ್ಲಿ ತನ್ನ ವರ್ಗೀಕರಣದ ಮೊದಲ ಆವೃತ್ತಿಯಲ್ಲಿ ಮನುಷ್ಯ, ಮಂಗ ಮತ್ತು ಕೊಂಬೆಗೆ ತಲೆಕೆಳಗಾಗಿ ಜೋತುಬೀಳುವ ದಕ್ಷಿಣ ಅಮೆರಿಕದ ನಿಧಾನ ನಡೆಯ ಸ್ಲಾತ್‌ಗಳನ್ನು ‘ಮನುಷ್ಯಾಕೃತಿಯವು’ ಎಂಬ ಒಂದೇ ಗಣದಲ್ಲಿ ಇರಿಸಿದ. ಮನುಷ್ಯನನ್ನು ಮಂಗಗಳ ಜತೆ ಕೂರಿಸಿದ್ದಕ್ಕೆ ಆಕ್ಷೇಪಗಳು ಬಂದವು. 1747ರಲ್ಲಿ ಗ್ಮೆಲಿನ್ ಎಂಬ ವಿದ್ವಾಂಸನಿಗೆ ಬರೆದ ಪತ್ರದಲ್ಲಿ ಲಿನೇಯಸ್, ಮನುಷ್ಯನನ್ನೂ ವಾನರವನ್ನೂ ಬೇರೆ ಮಾಡುವಂಥ ಲಕ್ಷಣವೊಂದನ್ನು ಪ್ರಕೃತಿ ವಿಜ್ಞಾನದ ನಿಯಮಕ್ಕೆ ಒಗ್ಗುವಂತೆ ಯಾರಾದರೂ ತೋರಿಸಲಿ, ತನಗಂತೂ ಕಾಣುತ್ತಿಲ್ಲ ಎಂದು ಸವಾಲು ಹಾಕಿದ. ಮನುಷ್ಯನನ್ನು ನೇರವಾಗಿ ವಾನರವೆಂದು ಕರೆದುಬಿಟ್ಟರೆ ಧರ್ಮಶಾಸ್ತ್ರಜ್ಞರೆಲ್ಲ ಮೇಲೆ ಬೀಳುತ್ತಾರೆಂಬ ಅಳುಕನ್ನೂ ಅಲ್ಲೇ ತೋಡಿಕೊಂಡ. ವಿಕಾಸದ ಕಲ್ಪನೆ ಲಿನೇಯಸ್‌ಗೆ ಇರಲಿಲ್ಲ. ಸೃಷ್ಟಿಯಲ್ಲಿ ದೇವರು ಇಟ್ಟ ಕ್ರಮವನ್ನು ಓದುತ್ತಿದ್ದೇನೆ ಎಂದೇ ಆತ ನಂಬಿದ್ದ. ಹಾಗಿದ್ದೂ ಕಣ್ಣಿಗೆ ಕಂಡದ್ದನ್ನು ಮುಚ್ಚಿಡಲಿಲ್ಲ ಎಂಬುದು ಮೆಚ್ಚಬೇಕಾದ ಮಾತು.

1758ರ ಹತ್ತನೆಯ ಆವೃತ್ತಿಯಲ್ಲಿ ‘ಸಸ್ತನಿಗಳು’ ಎಂಬ ವರ್ಗ ಮೊದಲ ಬಾರಿಗೆ ಕಾಣಿಸಿಕೊಂಡಿತು. ಅದರ ಮೊದಲ ಗಣಕ್ಕೆ, ಅಗ್ರಸ್ಥಾನದವು ಎಂಬ ಭಾವದಲ್ಲಿ, ಆತ ಪ್ರೈಮೇಟ್ಸ್ ಎಂದು ಹೆಸರಿಟ್ಟ. ಅದರಲ್ಲಿ ನಾಲ್ಕು ಕುಲಗಳಿದ್ದವು: ಮನುಷ್ಯ, ಮಂಗ, ಲೀಮರ್ (ಇಂದು ಮಡಗಾಸ್ಕರಿನ ಮಂಗದಂಥ ಪ್ರಾಣಿಗಳಿಗೆ ಉಳಿದಿರುವ ಹೆಸರು), ಬಾವಲಿ. ಸ್ಲಾತ್ ಹೊರಗೆ ಹೋಗಿ ಬಾವಲಿ ಒಳಗೆ ಬಂದಿತ್ತು. ಇಂದಿಗೆ ನಗೆ ತರಿಸುವ ಈ ಸೇರ್ಪಡೆಗೆ ಕಾರಣ ಸರಳ. ಎದೆಯ ಮೇಲೆ ಎರಡು ಮೊಲೆಗಳು, ಮೇಲ್ದವಡೆಯಲ್ಲಿ ನಾಲ್ಕು ಬಾಚಿಹಲ್ಲುಗಳು ಎಂಬುದು ಆತ ಗಣಕ್ಕೆ ಕೊಟ್ಟ ಲಕ್ಷಣ. ಬಾವಲಿಯ ಮೊಲೆಗಳೂ ಎದೆಯ ಮೇಲೇ ಇವೆ. ಅಳತೆಗೋಲು ಯಾವುದೋ ಫಲಿತಾಂಶ ಅದೇ.

ಆ 1758ರ ಪಟ್ಟಿಯಲ್ಲಿ ನಮ್ಮ ಕಡೆಯ ಎರಡು ಮುಖಗಳೂ ಇವೆ. ಪಶ್ಚಿಮ ಘಟ್ಟದ ಸಿಂಗಳೀಕಕ್ಕೆ ವೈಜ್ಞಾನಿಕ ಹೆಸರು ಬಂದದ್ದು ಅಲ್ಲೇ, ಮಂಗಗಳ ಕುಲದಡಿ. ಲೀಮರ್‌ಗಳ ಕುಲದಲ್ಲಿ ಆತ ಸಿಲೋನಿನ ಬಾಲವಿಲ್ಲದ, ನಿಧಾನವಾಗಿ ನಡೆಯುವ ಪ್ರಾಣಿಯೊಂದನ್ನು ಇರಿಸಿದ. ಅದು ಕಾಡುಪಾಪದ ಸಿಂಹಳದ ಬಳಗ. ತುಮಕೂರಿನ ಕಡೆಯ ಹುಣಸೆ ತೋಪು, ಹೊಲದಂಚಿನ ಮುಳ್ಳುಪೊದೆಗಳಲ್ಲಿ ಇರುಳು ಹುಳುಹುಪ್ಪಟೆ ಹುಡುಕುವ ನಮ್ಮ ಕಾಡುಪಾಪವನ್ನು ಈಗ ಪ್ರತ್ಯೇಕ ಪ್ರಭೇದವೆಂದು ಪರಿಗಣಿಸುತ್ತಾರೆ. ಅದೇ ಲೀಮರ್ ಕುಲದಲ್ಲಿ ಆಗ್ನೇಯ ಏಷ್ಯಾದ ಕೊಲುಗೊ ಕೂಡ ಇತ್ತು. ಕುತ್ತಿಗೆಯಿಂದ ಬಾಲದ ತುದಿಯವರೆಗೆ ಚರ್ಮದ ಹೊದಿಕೆ ಹೊಂದಿ ಮರದಿಂದ ಮರಕ್ಕೆ ತೇಲುವ ಈ ಪ್ರಾಣಿಯ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕೊನೆಗೆ ಅದರ ವಿಷಯದಲ್ಲಿ ಲಿನೇಯಸ್ ಸತ್ಯಕ್ಕೆ ಬಹಳ ಹತ್ತಿರವಿದ್ದ ಎಂದು ತಿಳಿಯಲು 2007 ಬರಬೇಕಾಯಿತು.

ಬಾವಲಿ ಹೊರಬೀಳಲು ಹೆಚ್ಚು ಕಾಲ ಹಿಡಿಯಲಿಲ್ಲ. 1779ರಲ್ಲಿ ಜರ್ಮನಿಯ ಬ್ಲೂಮನ್‌ಬಾಖ್ ಅವಕ್ಕೆ ಬೇರೆ ಗಣವನ್ನೇ ಮಾಡಿದ. ಆದರೆ ಅದೇ ವಿದ್ವಾಂಸ ಇನ್ನೊಂದು ಗೋಡೆಯನ್ನೂ ಎಬ್ಬಿಸಿದ: ಮನುಷ್ಯ ಎರಡು ಕೈಯವನು, ಮಂಗಗಳು ನಾಲ್ಕು ಕೈಯವು, ಆದ್ದರಿಂದ ಇವೆರಡೂ ಬೇರೆ ಬೇರೆ ಗಣಗಳು. ಫ್ರಾನ್ಸಿನ ಕುವಿಯೆ 1817ರ ತನ್ನ ಗ್ರಂಥದಲ್ಲಿ ಇದನ್ನು ಅಂಗೀಕರಿಸಿದ ಮೇಲೆ ಅದು ಅರ್ಧ ಶತಮಾನ ನೆಲೆ ನಿಂತಿತು. ನಾಲ್ಕು ಕೈ ಎಂದರೆ ಮಂಗದ ಹಿಂಗಾಲೂ ಕೈಯಂತೆ ಹಿಡಿಯುತ್ತದೆ ಎಂಬುದಷ್ಟೇ ವಾದ. ಲಿನೇಯಸ್ ತೆರೆದಿಟ್ಟ ಬಾಗಿಲನ್ನು ಮುಚ್ಚಲು ಅಷ್ಟು ಸಾಕಾಯಿತು.

ಐ-ಐ ಪ್ರಾಣಿಯ ಕಥೆ ನಡೆದದ್ದು ಇದೇ ಅವಧಿಯಲ್ಲಿ. ಭಾರತದಲ್ಲೂ ಸಂಚರಿಸಿದ್ದ ಫ್ರೆಂಚ್ ಪ್ರವಾಸಿ ಪಿಯೆರ್ ಸೊನೆರಾ 1782ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಡಗಾಸ್ಕರಿನ ಈ ಪ್ರಾಣಿಯನ್ನು ವರ್ಣಿಸಿದ್ದ. ಅದಕ್ಕೆ ಇಲಿಯಂತೆ ಸದಾ ಬೆಳೆಯುವ ಬಾಚಿಹಲ್ಲು, ಪೊದೆಯಂಥ ಬಾಲ, ಕಡ್ಡಿಯಂತೆ ಸಪೂರವಾದ ನಡುಬೆರಳು. ಆ ಬೆರಳಿನಿಂದ ಮರದ ತೊಗಟೆ ಬಡಿದು, ಹಲ್ಲಿನಿಂದ ಕೊರೆದು, ಒಳಗಿನ ಹುಳುವನ್ನು ಮತ್ತೆ ಬೆರಳಿನಿಂದಲೇ ಎಳೆದು ತಿನ್ನುತ್ತದೆ. 1788ರಲ್ಲಿ ಅದನ್ನು ಅಳಿಲಿನ ಕುಲಕ್ಕೆ ಸೇರಿಸಲಾಯಿತು. ಅದು ಲೀಮರ್‌ಗಳ ಬಂಧು ಎಂಬುದು ಎಲ್ಲರೂ ಒಪ್ಪುವಂತೆ ಸ್ಥಿರಪಟ್ಟದ್ದು 1860ರ ದಶಕದಲ್ಲಿ, ಲಂಡನ್ನಿನ ರಿಚರ್ಡ್ ಓವನ್ ಇಡೀ ದೇಹವನ್ನು ಛೇದಿಸಿ ನೋಡಿದ ಮೇಲೆ. ಅದರ ಕಣ್ಣುಗೂಡಿನ ಸುತ್ತ ಮೂಳೆಯ ಬಳೆ ಇದೆ, ಕಾಲಿನ ಹೆಬ್ಬೆರಳು ಎದುರಿಗೆ ಮಡಚುತ್ತದೆ, ಅದರ ಮೇಲೆ ಚಪ್ಪಟೆ ಉಗುರಿದೆ. ಎದ್ದು ಕಾಣುವ ಹಲ್ಲು ಆಹಾರದ ಒತ್ತಡದಿಂದ ಬಂದದ್ದು. ವಂಶದ ಸಾಕ್ಷ್ಯ ಉಳಿದಿದ್ದದ್ದು ಕಾಲ್ಬೆರಳಿನಲ್ಲಿ.

ಅದೇ ಓವನ್ ಮನುಷ್ಯನ ವಿಷಯದಲ್ಲಿ ಮಾತ್ರ ಎದುರು ದಿಕ್ಕಿಗೆ ನಡೆದ. 1857ರಲ್ಲಿ ಆತ ಸಸ್ತನಿಗಳನ್ನು ಮಿದುಳಿನ ರಚನೆಯ ಮೇಲೆ ವಿಂಗಡಿಸಿ, ಮನುಷ್ಯನಿಗೆ ಪ್ರತ್ಯೇಕ ಗಣವನ್ನಲ್ಲ, ಪ್ರತ್ಯೇಕ ಉಪವರ್ಗವನ್ನೇ ಕೊಟ್ಟ. ಮಿದುಳಿನ ಹಿಂಭಾಗದಲ್ಲಿರುವ ಒಂದು ಸಣ್ಣ ದಿಣ್ಣೆ ಮನುಷ್ಯನಲ್ಲಿ ಮಾತ್ರ ಇದೆ ಎಂಬುದು ಆಧಾರ. ಡಾರ್ವಿನ್ನನ ಗ್ರಂಥ 1859ರಲ್ಲಿ ಹೊರಬಂದ ಮೇಲೆ ಈ ದಿಣ್ಣೆಗೆ ಎಲ್ಲಿಲ್ಲದ ಮಹತ್ವ ಬಂತು. ಥಾಮಸ್ ಹೆನ್ರಿ ಹಕ್ಸ್‌ಲಿ ಮತ್ತು ಸಂಗಡಿಗರು ಒಂದಾದ ಮೇಲೊಂದು ಮಂಗದ ಮಿದುಳನ್ನು ತೆರೆದು ಅದೇ ದಿಣ್ಣೆಯನ್ನು ತೋರಿಸಿದರು. 1863ರಲ್ಲಿ ಹಕ್ಸ್‌ಲಿ ಪ್ರಕಟಿಸಿದ ಪುಸ್ತಕ ನಾಲ್ಕು ಕೈಗಳ ವಾದವನ್ನೂ ಮೂಳೆ ಮೂಳೆಯಾಗಿ ಬಿಡಿಸಿಟ್ಟಿತು: ಗೊರಿಲ್ಲಾದ ಹಿಂಗಾಲು ಹಿಡಿಯುವುದು ನಿಜ, ಆದರೆ ಅದರ ಮೂಳೆ ಮತ್ತು ಸ್ನಾಯುಗಳ ಜೋಡಣೆ ಪಾದದ್ದೇ ಹೊರತು ಕೈಯದ್ದಲ್ಲ. ಮನುಷ್ಯನಿಗೂ ಗೊರಿಲ್ಲಾಕ್ಕೂ ಇರುವ ಅಂತರಕ್ಕಿಂತ ಗೊರಿಲ್ಲಾಕ್ಕೂ ಕೆಳಗಿನ ಮಂಗಗಳಿಗೂ ಇರುವ ಅಂತರವೇ ದೊಡ್ಡದು ಎಂದು ತೋರಿಸಿ ಆತ ಲಿನೇಯಸ್‌ನ ಗಣವನ್ನು ಮತ್ತೆ ಕಟ್ಟಿದ.

ಆ ಗಣಕ್ಕೆ ಬಹಳ ಕಾಲ ಬಳಕೆಯಲ್ಲಿದ್ದ ವ್ಯಾಖ್ಯಾನ ಕೊಟ್ಟವನು ಸೇಂಟ್ ಜಾರ್ಜ್ ಮೈವರ್ಟ್. ಡಾರ್ವಿನ್ನನ ನೈಸರ್ಗಿಕ ಆಯ್ಕೆಯ ವಾದಕ್ಕೆ ಆತ ಪ್ರಬಲ ಟೀಕಾಕಾರ ಎಂಬುದು ಇತಿಹಾಸದ ಒಂದು ಕುಶಾಲು. 1873ರ ಆತನ ವ್ಯಾಖ್ಯಾನದಲ್ಲಿ ಉಗುರು ಅಥವಾ ನಖ, ಕಾಲರ್ ಮೂಳೆ, ಜರಾಯು, ಕಣ್ಣುಗೂಡಿನ ಸುತ್ತ ಮೂಳೆ, ಮೂರು ಬಗೆಯ ಹಲ್ಲುಗಳು, ಮಿದುಳಿನ ಹಿಂಭಾಗದ ನಿರ್ದಿಷ್ಟ ಸೀಳು, ಕೈ ಅಥವಾ ಕಾಲಿನಲ್ಲಿ ಎದುರಿಗೆ ಮಡಚುವ ಹೆಬ್ಬೆರಳು, ಎದೆಯ ಮೇಲೆ ಎರಡು ಮೊಲೆ ಎಲ್ಲವೂ ಸೇರಿವೆ. ಇವುಗಳಲ್ಲಿ ಯಾವ ಒಂದೂ ಈ ಗಣಕ್ಕಷ್ಟೇ ಸೇರಿದ್ದಲ್ಲ, ಒಟ್ಟಾಗಿ ನೋಡಿದರೆ ಮಾತ್ರ ಪ್ರೈಮೇಟ್ ಕಾಣುತ್ತದೆ. ಕಾಲರ್ ಮೂಳೆ ಅಳಿಲಿಗೂ ಇದೆ. ಕಣ್ಣಿನ ಸುತ್ತಿನ ಮೂಳೆಯ ಬಳೆ ಕುದುರೆ, ದನಗಳಿಗೂ ಇದೆ. ಪಟ್ಟಿ ಉದ್ದವಾದಷ್ಟೂ ಗಡಿ ಖಚಿತವಾಗಲಿಲ್ಲ.

ಟ್ರೀಶ್ರೂ ನುಸುಳಿದ್ದು ಈ ಸಂದಿಯಲ್ಲೇ. ದಕ್ಷಿಣ ಭಾರತದ ಗುಡ್ಡಕಾಡುಗಳಲ್ಲೂ ಇರುವ, ಅಳಿಲಿನಷ್ಟೇ ಗಾತ್ರದ, ಚೂಪು ಮೂತಿಯ ಈ ಪ್ರಾಣಿಯನ್ನು ಕಂಡವರು ಕಡಿಮೆ. ಕಂಡವರೂ ಅಳಿಲೆಂದೇ ತಿಳಿಯುವುದುಂಟು. ನಮ್ಮ ಭಾಗದ ಪ್ರಭೇದಕ್ಕೆ 1850ರಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಯ ಹೆಸರು ಬಂತು. ಕನ್ನಡಿಗರಿಗೆ ಈತ ಪೂರ್ತಿ ಅಪರಿಚಿತನಲ್ಲ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಸೈನ್ಯದ ಕೈಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬ. ಧಾರವಾಡ ಸೀಮೆಯಲ್ಲಿ ಕೆಲಸ ಮಾಡಿದ ಆತ 1839ರಲ್ಲಿ ಆ ಪ್ರದೇಶದ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದ. ಮಂಗ, ಮುಸುವಗಳ ನಾಡಿನಲ್ಲಿ ಪ್ರಾಣಿಗಳನ್ನು ಕ್ರಮವಾಗಿ ದಾಖಲಿಸಿದ ಆರಂಭದ ಪ್ರಯತ್ನಗಳಲ್ಲಿ ಅದೂ ಒಂದು.

ಟ್ರೀಶ್ರೂಗಳನ್ನು ಪ್ರೈಮೇಟ್‌ಗಳ ಒಳಗೆ ತಂದವರಲ್ಲಿ ಪ್ರಮುಖ ಇಂಗ್ಲೆಂಡಿನ ಅಂಗರಚನಾ ತಜ್ಞ ವಿಲ್ಫ್ರಿಡ್ ಲ ಗ್ರಾಸ್ ಕ್ಲಾರ್ಕ್. 1920ರ ದಶಕದಿಂದ ಆತ ಅವುಗಳ ತಲೆಬುರುಡೆ, ಮಿದುಳು, ಸ್ನಾಯುಗಳನ್ನು ಪರಿಶೀಲಿಸಿ, ಕಣ್ಣುಗೂಡಿನ ಸುತ್ತ ಮೂಳೆಯ ಬಳೆ ಪೂರ್ಣವಾಗಿದೆ, ದೃಷ್ಟಿಗೆ ಸಂಬಂಧಿಸಿದ ಮಿದುಳಿನ ಭಾಗ ದೊಡ್ಡದಾಗಿದೆ ಎಂದು ತೋರಿಸಿದ. ಆ ಕಾಲದ ಪ್ರಬಲ ಸಿದ್ಧಾಂತಕ್ಕೂ ಇದು ಹೊಂದಿತು. ಅಂಗರಚನಾ ತಜ್ಞರಾದ ಗ್ರಾಫ್ಟನ್ ಎಲಿಯಟ್ ಸ್ಮಿತ್ ಮತ್ತು ವುಡ್ ಜೋನ್ಸ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂದಿಟ್ಟ ಆ ವಾದದ ಪ್ರಕಾರ, ಮರದ ಮೇಲಿನ ಬದುಕೇ ಪ್ರೈಮೇಟ್‌ಗಳನ್ನು ರೂಪಿಸಿತು: ಕೊಂಬೆಯಿಂದ ಕೊಂಬೆಗೆ ಹಾರಲು ಮೂಗಿಗಿಂತ ಕಣ್ಣು ಮುಖ್ಯ, ಹಿಡಿಯಲು ಬೆರಳು ಮುಖ್ಯ, ಇವೆರಡನ್ನೂ ಹೊಂದಿಸಲು ಮಿದುಳು ಬೆಳೆಯಬೇಕು. ನೆಲದ ಸುಂಡಿಲಿಯಂಥ ಪ್ರಾಣಿಗೂ ಲೀಮರಿಗೂ ನಡುವೆ ಟ್ರೀಶ್ರೂವನ್ನು ನಿಲ್ಲಿಸಿದರೆ ಮೆಟ್ಟಿಲು ಪೂರ್ಣವಾಗುತ್ತಿತ್ತು. 1945ರಲ್ಲಿ ಅಮೆರಿಕದ ಜಾರ್ಜ್ ಗೇಲಾರ್ಡ್ ಸಿಂಪ್ಸನ್ ತನ್ನ ಸಸ್ತನಿ ವರ್ಗೀಕರಣದಲ್ಲಿ ಅವುಗಳನ್ನು ಪ್ರೈಮೇಟ್‌ಗಳೆಂದೇ ದಾಖಲಿಸಿದ. ಒಂದು ಪೀಳಿಗೆಯ ವಿದ್ಯಾರ್ಥಿಗಳು ಹಾಗೆಯೇ ಓದಿದರು.

ಅವುಗಳನ್ನು ಹೊರಗೆ ಹಾಕಿದ ಸಾಕ್ಷ್ಯಗಳಲ್ಲಿ ಒಂದು ಬಂದದ್ದು ತಾಯಿತನದಿಂದ. ಪ್ರೈಮೇಟ್ ಮರಿ ಸಾಮಾನ್ಯವಾಗಿ ತಾಯಿಯ ಮೈಗೆ ಅಂಟಿಕೊಂಡು ಬೆಳೆಯುತ್ತದೆ, ಅಥವಾ ತಾಯಿ ಅದರ ಬಳಿಗೆ ಮತ್ತೆ ಮತ್ತೆ ಬರುತ್ತದೆ. 1966ರಲ್ಲಿ ರಾಬರ್ಟ್ ಮಾರ್ಟಿನ್ ಸಾಕಿದ ಟ್ರೀಶ್ರೂಗಳನ್ನು ಗಮನಿಸಿ ವರದಿ ಮಾಡಿದ್ದೇನೆಂದರೆ, ತಾಯಿ ಮರಿಗಳನ್ನು ಪ್ರತ್ಯೇಕ ಗೂಡಿನಲ್ಲಿಟ್ಟು 48 ಗಂಟೆಗೊಮ್ಮೆ ಮಾತ್ರ ಬಂದು ಹಾಲೂಡಿಸಿ ಹೋಗುತ್ತದೆ. ಇದಕ್ಕಿಂತ ಆಳವಾದ ಬದಲಾವಣೆ ವಿಚಾರದ ಕ್ರಮದಲ್ಲೇ ಆಗುತ್ತಿತ್ತು. ಜರ್ಮನಿಯ ಕೀಟತಜ್ಞ ವಿಲ್ಲಿ ಹೆನಿಗ್ 1950ರಲ್ಲಿ ಮಂಡಿಸಿ, 1966ರ ಇಂಗ್ಲಿಷ್ ಅನುವಾದದಿಂದ ಎಲ್ಲೆಡೆ ಹರಡಿದ ವಾದ ಹೀಗಿದೆ: ಎಲ್ಲ ಹೋಲಿಕೆಗಳಿಗೂ ಒಂದೇ ತೂಕ ಇಲ್ಲ. ಹಲ್ಲಿಗೂ ಮನುಷ್ಯನಿಗೂ ಐದು ಬೆರಳಿವೆ, ಕುದುರೆಗೆ ಒಂದೇ ಬೆರಳು. ಅಷ್ಟರಿಂದ ಮನುಷ್ಯ ಕುದುರೆಗಿಂತ ಹಲ್ಲಿಗೆ ಹತ್ತಿರ ಎನ್ನಲಾಗದು, ಏಕೆಂದರೆ ಐದು ಬೆರಳು ಬಹುಪುರಾತನ ಪಿತ್ರಾರ್ಜಿತ ಆಸ್ತಿ, ಕುದುರೆಯ ವಂಶ ಅದನ್ನು ನಡುವೆ ಕಳೆದುಕೊಂಡಿದೆ. ಎರಡು ಗುಂಪುಗಳು ಮಾತ್ರ ಒಟ್ಟಿಗೆ ಗಳಿಸಿದ ಹೊಸ ಲಕ್ಷಣವೇ ಅವುಗಳ ನಿಕಟ ನೆಂಟಸ್ತಿಕೆಗೆ ಸಾಕ್ಷಿ. ಈ ಜರಡಿಯಲ್ಲಿ ಹಾಕಿದಾಗ ಟ್ರೀಶ್ರೂಗೂ ಪ್ರೈಮೇಟ್‌ಗಳಿಗೂ ಇದ್ದ ಹೋಲಿಕೆಗಳಲ್ಲಿ ಹೆಚ್ಚಿನವು ಹಳೆಯ ಆಸ್ತಿಗಳೆಂದೋ, ಸ್ವತಂತ್ರವಾಗಿ ಬಂದವೆಂದೋ ಸೋರಿಹೋದವು. ಟೈಸನ್‌ನ 48 ಮತ್ತು 34ರ ಲೆಕ್ಕ ಸೋಲುವುದೂ ಇಲ್ಲಿಯೇ; ಎಣಿಕೆಗಿಂತ ಯಾವುದನ್ನು ಎಣಿಸುತ್ತೇವೆ ಎಂಬುದು ಮುಖ್ಯ.

ಇದೇ ಜರಡಿ ಗಣದ ಒಳಗಿನ ಹಂಚಿಕೆಯನ್ನೂ ಬದಲಾಯಿಸಿತು. ಹಳೆಯ ಪದ್ಧತಿಯಲ್ಲಿ ಲೀಮರ್, ಕಾಡುಪಾಪ, ಟಾರ್ಸಿಯರ್ ಇವೆಲ್ಲ ‘ಕೆಳದರ್ಜೆ’ಯವು, ಮಂಗ ಮತ್ತು ಬಾಲವಿಲ್ಲದ ವಾನರಗಳು ‘ಮೇಲ್ದರ್ಜೆ’ಯವು. ಆಗ್ನೇಯ ಏಷ್ಯಾದ ದ್ವೀಪಗಳಲ್ಲಿರುವ, ಅಂಗೈ ಗಾತ್ರದ, ಗೂಬೆಗಣ್ಣಿನ ಟಾರ್ಸಿಯರ್ ನೋಡಲು ಕಾಡುಪಾಪದ ಸೋದರನಂತಿದೆ. ಆದರೆ 1918ರಲ್ಲೇ ರೆಜಿನಾಲ್ಡ್ ಪೋಕಾಕ್, ಮುಂದೆ ಬ್ರಿಟಿಷ್ ಭಾರತದ ಸಸ್ತನಿಗಳ ಮೇಲಿನ ಗ್ರಂಥಮಾಲೆಯಲ್ಲಿ ನಮ್ಮ ಮಂಗಗಳ ಬಗ್ಗೆ ಬರೆದವನು, ಟಾರ್ಸಿಯರಿನ ಮೂಗು ನಾಯಿಯ ಮೂಗಿನಂತೆ ಒದ್ದೆಯಾಗಿಲ್ಲ, ಮಂಗನ ಮೂಗಿನಂತೆ ಒಣಗಿದೆ ಎಂದು ಹೇಳಿ ಅದನ್ನು ಮಂಗಗಳ ಕಡೆಗೆ ಸೇರಿಸಿದ. ಕಣ್ಣೂ ಅದನ್ನೇ ಹೇಳುತ್ತದೆ. ಕಾಡುಪಾಪದ ಸಮೀಕ್ಷೆ ಮಾಡುವವರು ಇರುಳಿನಲ್ಲಿ ಟಾರ್ಚ್ ಹಾಯಿಸಿ ಅದರ ಕಣ್ಣಿನ ಕೆಂಪು ಹೊಳಪಿನಿಂದಲೇ ಪ್ರಾಣಿಯನ್ನು ಪತ್ತೆ ಹಚ್ಚುತ್ತಾರೆ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಕಳಿಸುವ ಪದರವೊಂದು ಇರುವುದರಿಂದ ಆ ಹೊಳಪು. ಟಾರ್ಸಿಯರಿಗೆ ಆ ಪದರವಿಲ್ಲ. ಹಗಲು ಬದುಕಿನ ಪೂರ್ವಜರು ಅದನ್ನು ಕಳೆದುಕೊಂಡಿದ್ದರಿಂದ, ಮತ್ತೆ ಇರುಳಿಗೆ ಮರಳಿದ ಟಾರ್ಸಿಯರ್ ಕಣ್ಣಿನ ಗಾತ್ರವನ್ನೇ ಹಿಗ್ಗಿಸಿಕೊಂಡಿತು ಎಂಬುದು ವಿವರಣೆ. ದೇಹದಲ್ಲೇ ಸಿ ಜೀವಸತ್ವ ತಯಾರಿಸುವ ಶಕ್ತಿ ಕಾಡುಪಾಪಕ್ಕೂ ಲೀಮರಿಗೂ ಇದೆ; ಟಾರ್ಸಿಯರ್, ಮಂಗ, ಮನುಷ್ಯ ಮೂವರಿಗೂ ಇಲ್ಲ. ನಾವು ನೆಲ್ಲಿಕಾಯಿ, ನಿಂಬೆಹಣ್ಣು ತಿನ್ನಬೇಕಾದ ಅಗತ್ಯದ ಹಿಂದೆ ಆ ಸಾಮಾನ್ಯ ಪೂರ್ವಜನಲ್ಲಿ ಕೆಟ್ಟುಹೋದ ಒಂದು ಜೀನ್ ಇದೆ.

ಮರದ ಬದುಕಿನ ಸಿದ್ಧಾಂತಕ್ಕೆ 1970ರ ದಶಕದಲ್ಲಿ ಪೆಟ್ಟು ಬಿದ್ದದ್ದು ಒಂದು ಸರಳ ಪ್ರಶ್ನೆಯಿಂದ. ಮ್ಯಾಟ್ ಕಾರ್ಟ್‌ಮಿಲ್ ಕೇಳಿದ: ಅಳಿಲು ಮರದ ಮೇಲೆಯೇ ಬದುಕುತ್ತದೆ, ಅದಕ್ಕೇಕೆ ಚೂಪು ನಖ, ಪಕ್ಕಕ್ಕೆ ನೋಡುವ ಕಣ್ಣು? ಮುಂದಕ್ಕೆ ನೋಡುವ ಕಣ್ಣು ಬೆಕ್ಕಿಗೆ, ಗೂಬೆಗೆ ಇದೆ, ಅವು ಬೇಟೆಗಾರರು. ಹಾಗಾದರೆ ಆದಿ ಪ್ರೈಮೇಟ್‌ಗಳು ತೆಳು ಕೊಂಬೆಗಳ ತುದಿಯಲ್ಲಿ ಸದ್ದಿಲ್ಲದೆ ಸಾಗಿ, ಕಣ್ಣಿನಿಂದ ದೂರವನ್ನು ಅಳೆದು, ಕೈಯಿಂದ ಕೀಟ ಹಿಡಿಯುತ್ತಿದ್ದವು ಎಂದು ಆತ ಊಹಿಸಿದ. ಕಾಡುಪಾಪ ಇಂದಿಗೂ ಮಾಡುತ್ತಿರುವುದು ಅದನ್ನೇ. 1991ರಲ್ಲಿ ರಾಬರ್ಟ್ ಸಸ್‌ಮನ್ ಇದಕ್ಕೆ ಎದುರಾಗಿ, ಹೂಬಿಡುವ ಮರಗಳು ಹರಡಿದ ಕಾಲದಲ್ಲಿ ಕೊಂಬೆಯ ತುದಿಯ ಹಣ್ಣು, ಹೂವುಗಳೇ ಆ ಪ್ರಾಣಿಗಳನ್ನು ಅಲ್ಲಿಗೆ ಸೆಳೆದವು ಎಂದ. ನನ್ನ ಅಭಿಪ್ರಾಯದಲ್ಲಿ ಕಾರ್ಟ್‌ಮಿಲ್‌ನ ಉತ್ತರಕ್ಕಿಂತ ಆತನ ಪ್ರಶ್ನೆಯೇ ಹೆಚ್ಚು ಬೆಲೆಯುಳ್ಳದ್ದು. ನಮ್ಮ ಪೂರ್ವಜರ ಕಥೆ ಬರೆಯುವಾಗ ಅಳಿಲನ್ನೂ ಪಕ್ಕದಲ್ಲಿಟ್ಟು ಪರೀಕ್ಷಿಸಬೇಕೆಂಬ ಶಿಸ್ತು ಅಲ್ಲಿಂದ ಬಂತು.

ಬಾವಲಿ ಮತ್ತೆ ಬಾಗಿಲು ತಟ್ಟಿದ್ದು 1986ರಲ್ಲಿ. ಆಸ್ಟ್ರೇಲಿಯಾದ ನರವಿಜ್ಞಾನಿ ಜಾನ್ ಪೆಟಿಗ್ರೂ, ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ಅಕ್ಷಿಪಟದಿಂದ ಮಿದುಳಿಗೆ ಹೋಗುವ ನರಗಳ ಜೋಡಣೆ ಪ್ರೈಮೇಟ್‌ಗಳಂತೆಯೇ ಇದೆ, ಸಣ್ಣ ಬಾವಲಿಗಳಲ್ಲಿ ಹಾಗಿಲ್ಲ ಎಂದು ಕಂಡುಹಿಡಿದ. ಅಂದ ಮೇಲೆ ದೊಡ್ಡ ಬಾವಲಿಗಳು ಹಾರುವ ಪ್ರೈಮೇಟ್‌ಗಳು, ರೆಕ್ಕೆ ಸಸ್ತನಿಗಳಲ್ಲಿ ಎರಡು ಬಾರಿ ಹುಟ್ಟಿದೆ ಎಂಬುದು ಆತನ ತೀರ್ಮಾನ. ವಾದ ಧೈರ್ಯದ್ದು, ಸಾಕ್ಷ್ಯ ಸುಳ್ಳೂ ಅಲ್ಲ. ಆದರೆ 1990ರ ದಶಕದಲ್ಲಿ ಡಿಎನ್‌ಎ ಹೋಲಿಕೆಗಳು ಬಂದಾಗ ಎಲ್ಲ ಬಾವಲಿಗಳೂ ಒಂದೇ ವಂಶದವೆಂದು, ಆ ವಂಶ ಪ್ರೈಮೇಟ್‌ಗಳಿಂದ ಬಹಳ ದೂರವೆಂದು ಸ್ಪಷ್ಟವಾಯಿತು.

ಅಣುಗಳ ಸಾಕ್ಷ್ಯ ವಾಸ್ತವವಾಗಿ ಡಿಎನ್‌ಎಗಿಂತ ಹಳೆಯದು. 1904ರಲ್ಲಿ ಕೇಂಬ್ರಿಜ್‌ನ ಜಾರ್ಜ್ ನಟಾಲ್ ರಕ್ತದ ಪ್ರತಿಕ್ರಿಯೆಗಳಿಂದ ಪ್ರಾಣಿಗಳ ನೆಂಟಸ್ತಿಕೆ ಅಳೆಯಬಹುದೆಂದು ತೋರಿಸಿದ್ದ. 1960ರ ದಶಕದ ಆರಂಭದಲ್ಲಿ ಮೋರಿಸ್ ಗುಡ್‌ಮನ್ ರಕ್ತದ ಪ್ರೋಟೀನುಗಳನ್ನು ಹೋಲಿಸಿ ಚಿಂಪಾಂಜಿ ಮತ್ತು ಗೊರಿಲ್ಲಾಗಳು ಒರಾಂಗುಟಾನ್‌ಗಿಂತ ಮನುಷ್ಯನಿಗೆ ಹತ್ತಿರ ಎಂದ. 1967ರಲ್ಲಿ ವಿನ್ಸೆಂಟ್ ಸಾರಿಚ್ ಮತ್ತು ಅಲನ್ ವಿಲ್ಸನ್ ಅದೇ ದಾರಿಯಲ್ಲಿ ಮುಂದುವರಿದು, ಮನುಷ್ಯ ಮತ್ತು ಆಫ್ರಿಕಾದ ವಾನರಗಳು ಬೇರೆಯಾಗಿ ಸುಮಾರು 50 ಲಕ್ಷ ವರ್ಷ ಮಾತ್ರ ಆಗಿದೆ ಎಂದು ಲೆಕ್ಕ ಹಾಕಿದರು. ಈ ಲೆಕ್ಕ ನೇರವಾಗಿ ಡಿಕ್ಕಿ ಹೊಡೆದದ್ದು ನಮ್ಮ ಹಿಮಾಲಯದ ತಪ್ಪಲಿನ ಪಳೆಯುಳಿಕೆಗೆ. ಹಿಮಾಚಲದ ಹರಿತಲ್ಯಾಂಗರ್ ಬಳಿ 1932ರಲ್ಲಿ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಲೂಯಿಸ್‌ಗೆ ಸಿಕ್ಕ ದವಡೆಯ ತುಣುಕಿಗೆ ರಾಮಪಿಥೆಕಸ್ ಎಂಬ ಹೆಸರು ಬಂದಿತ್ತು. 1960ರ ದಶಕದಲ್ಲಿ ಅದನ್ನು ಮನುಷ್ಯನ ನೇರ ಪೂರ್ವಜನೆಂದು, ಕಾಲ ಸುಮಾರು 1.4 ಕೋಟಿ ವರ್ಷವೆಂದು ಬೋಧಿಸಲಾಗುತ್ತಿತ್ತು. ಅಣುಗಳ ಲೆಕ್ಕ, ಪಳೆಯುಳಿಕೆಯ ಕಥೆ ಎರಡೂ ಸರಿ ಇರಲು ಸಾಧ್ಯವಿರಲಿಲ್ಲ. ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಸಿಕ್ಕ ಶಿವಪಿಥೆಕಸ್ ಎಂಬ ಪ್ರಾಚೀನ ವಾನರದ ಮುಖದ ಮೂಳೆಗಳನ್ನು 1982ರಲ್ಲಿ ಡೇವಿಡ್ ಪಿಲ್‌ಬೀಮ್ ಪ್ರಕಟಿಸಿದಾಗ ಅದು ಒರಾಂಗುಟಾನ್‌ನ ಮುಖವನ್ನು ಹೋಲುತ್ತಿತ್ತು; ರಾಮಪಿಥೆಕಸ್ ಕೂಡ ಅದೇ ಗುಂಪಿನದೆಂದು ಒಪ್ಪಿಕೊಳ್ಳಬೇಕಾಯಿತು. ಹಿಂದೆ ಅದನ್ನು ಮನುಷ್ಯನ ಪೂರ್ವಜನೆಂದು ವಾದಿಸಿದವರಲ್ಲಿ ಪಿಲ್‌ಬೀಮ್ ಕೂಡ ಒಬ್ಬನಾಗಿದ್ದ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಇಡೀ ಸಸ್ತನಿ ವರ್ಗದ ನಕ್ಷೆ ಬದಲಾದದ್ದು 2001ರಲ್ಲಿ. ಎರಡು ತಂಡಗಳು ಬೇರೆ ಬೇರೆಯಾಗಿ ಅನೇಕ ಜೀನ್‌ಗಳನ್ನು ಹೋಲಿಸಿ, ಜರಾಯು ಸಸ್ತನಿಗಳೆಲ್ಲ ನಾಲ್ಕು ದೊಡ್ಡ ಕವಲುಗಳಲ್ಲಿ ಕೂರುತ್ತವೆ ಎಂದು ತೋರಿಸಿದವು. ಆನೆ, ಕಡಲಹಸು ಮುಂತಾದ ಆಫ್ರಿಕಾ ಮೂಲದವು ಒಂದು. ಸ್ಲಾತ್, ಆರ್ಮಡಿಲ್ಲೊಗಳು ಇನ್ನೊಂದು. ಹುಲಿ, ನಾಯಿ, ದನ, ಕುದುರೆ, ತಿಮಿಂಗಿಲ, ಸುಂಡಿಲಿಗಳ ಜತೆ ಬಾವಲಿಯೂ ಸೇರಿದ್ದು ಮೂರನೆಯದು. ನಾಲ್ಕನೆಯ ಕವಲಿನಲ್ಲಿ ಪ್ರೈಮೇಟ್, ಕೊಲುಗೊ, ಟ್ರೀಶ್ರೂ ಇವೆ. ಅವುಗಳ ಜತೆ ಇಲಿ, ಅಳಿಲು, ಮೊಲ. ಮೂಳೆ, ಹಲ್ಲುಗಳನ್ನಷ್ಟೇ ನೋಡಿದವರು ಈ ಗುಂಪನ್ನು ಊಹಿಸಿರಲಿಲ್ಲ. ಅಂಗಳದ ಬೆಕ್ಕಿಗಿಂತ, ಕೊಟ್ಟಿಗೆಯ ಹಸುವಿಗಿಂತ, ಅಟ್ಟದ ಇಲಿಯೇ ಮನುಷ್ಯನಿಗೆ ಹತ್ತಿರದ ಬಂಧು ಎಂಬುದು ಇದರ ಅರ್ಥ. ಇಲಿ ಮತ್ತು ಮನುಷ್ಯನ ವಂಶಗಳು ಕವಲೊಡೆದದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ ಎಂದು ಅಂದಾಜು. 1910ರಲ್ಲಿ ವಿಲಿಯಂ ಗ್ರೆಗರಿ ಬಾವಲಿ, ಕೊಲುಗೊ, ಟ್ರೀಶ್ರೂ, ಪ್ರೈಮೇಟ್‌ಗಳನ್ನು ಒಂದೇ ಮಹಾಗಣದಲ್ಲಿ ಕೂಡಿಸಿದ್ದ. ಅದರಲ್ಲಿ ಬಾವಲಿಯನ್ನು ತೆಗೆದರೆ ಇಲ್ಲಿ ಹೆಸರಿಸಿದ ಉಳಿದ ಮೂರರ ಕೂಟ ಸರಿಯೇ ಆಗಿತ್ತು.

ಕೊಲುಗೊ, ಟ್ರೀಶ್ರೂ ಇವೆರಡರಲ್ಲಿ ಪ್ರೈಮೇಟ್‌ಗಳಿಗೆ ಹೆಚ್ಚು ಹತ್ತಿರದ್ದು ಯಾವುದು ಎಂಬ ಪ್ರಶ್ನೆಗೆ 2007ರಲ್ಲಿ ಜೀನ್‌ಗಳ ಅಪರೂಪದ ಬದಲಾವಣೆಗಳನ್ನು ಹುಡುಕಿದ ತಂಡವೊಂದು ಕೊಲುಗೊ ಎಂದು ಉತ್ತರಿಸಿತು. 2016ರಲ್ಲಿ ಕೊಲುಗೊದ ಇಡೀ ಜೀನೋಮ್ ಓದಿದಾಗಲೂ ಅದೇ ಉತ್ತರ ಬಂತು. ಅದು ಪ್ರೈಮೇಟ್ ಅಲ್ಲ, ಆದರೆ ಪ್ರೈಮೇಟ್‌ಗಳ ಹೊರಗೆ ಇಂದು ಬದುಕಿರುವವುಗಳಲ್ಲಿ ಅದಕ್ಕಿಂತ ಹತ್ತಿರದ ನೆಂಟರಿಲ್ಲ.

ಬದುಕಿರುವ ಪ್ರಾಣಿಗಳ ಮಟ್ಟಿಗೆ ಗಡಿ ಹೀಗೆ ನಿಂತಿದೆ. ಇಂದು ಐನೂರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಗಣಕ್ಕೆ ಈಗ ಲಕ್ಷಣಗಳ ಪಟ್ಟಿಗಿಂತ ವಂಶವೇ ವ್ಯಾಖ್ಯಾನ: ಲೀಮರಿಗೂ ಮನುಷ್ಯನಿಗೂ ಸಾಮಾನ್ಯನಾದ ಕೊನೆಯ ಪೂರ್ವಜನ ಸಂತತಿಯೆಲ್ಲ ಪ್ರೈಮೇಟ್. ಜಗಳ ಉಳಿದಿರುವುದು ಪಳೆಯುಳಿಕೆಗಳಲ್ಲಿ. ಅಮೆರಿಕದ ಮೊಂಟಾನಾದಲ್ಲಿ ಸಿಕ್ಕ ಪರ್ಗಟೋರಿಯಸ್ ಎಂಬ ಇಲಿ ಗಾತ್ರದ ಪ್ರಾಣಿ ಡೈನೊಸಾರ್‌ಗಳು ಅಳಿದ ಸ್ವಲ್ಪವೇ ಕಾಲದ ನಂತರದ್ದು, ಸುಮಾರು 6.6 ಕೋಟಿ ವರ್ಷ ಹಳೆಯದು. ಅದರ ದವಡೆಹಲ್ಲುಗಳು ಪ್ರೈಮೇಟ್‌ಗಳಂತಿವೆ, ಕಾಲಿನ ಗಿಣ್ಣಿನ ಮೂಳೆಗಳು ಮರ ಹತ್ತುವ ಪ್ರಾಣಿಯವು. ಅದರ ಬಳಗಕ್ಕೆ ಸೇರಿದ, ವ್ಯೋಮಿಂಗ್‌ನಲ್ಲಿ ಸಿಕ್ಕಿ 2002ರಲ್ಲಿ ವರ್ಣಿತವಾದ ಕಾರ್ಪೊಲೆಸ್ಟಿಸ್‌ನ ಅಸ್ಥಿಪಂಜರದಲ್ಲಿ ಎದುರಿಗೆ ಮಡಚುವ ಕಾಲಿನ ಹೆಬ್ಬೆರಳಿದೆ, ಅದರ ಮೇಲೆ ಉಗುರೂ ಇದೆ. ಆದರೆ ಕಣ್ಣುಗಳು ಪಕ್ಕಕ್ಕಿವೆ, ಸುತ್ತ ಮೂಳೆಯ ಬಳೆ ಇಲ್ಲ. ಹಿಡಿಯುವ ಕಾಲು ಮೊದಲು ಬಂತು, ಮುಂದಕ್ಕೆ ನೋಡುವ ಕಣ್ಣು ಆಮೇಲೆ ಬಂತು ಎಂದು ಇದನ್ನು ಓದುವವರಿದ್ದಾರೆ. ಈ ಪ್ರಾಣಿಗಳನ್ನು ಪ್ರೈಮೇಟ್ ಗಣದೊಳಗೇ ಇಡುವವರೂ, ಹೊಸ್ತಿಲಾಚೆ ನಿಲ್ಲಿಸುವವರೂ ಇಂದಿಗೂ ಸಮಬಲದಲ್ಲಿ ವಾದಿಸುತ್ತಾರೆ.

ಹೊಸ್ತಿಲು ದಾಟಿದ್ದು ಖಚಿತವಾಗಿರುವ ಆದಿ ಪ್ರೈಮೇಟ್‌ಗಳ ಅತ್ಯುತ್ತಮ ಸಾಕ್ಷ್ಯಗಳಲ್ಲಿ ಒಂದು ಗುಜರಾತಿನಲ್ಲಿದೆ. ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಿಂದ 2005ರಿಂದೀಚೆಗೆ ಭಾರತೀಯ ಮತ್ತು ವಿದೇಶಿ ತಜ್ಞರು ಸುಮಾರು 5.45 ಕೋಟಿ ವರ್ಷ ಹಳೆಯ ದವಡೆಗಳನ್ನೂ ಕೈಕಾಲಿನ ಮೂಳೆಗಳನ್ನೂ ತೆಗೆದಿದ್ದಾರೆ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಮೂಳೆಗಳು ಎಷ್ಟು ಪ್ರಾಚೀನ ಸ್ವರೂಪದವೆಂದರೆ, ಲೀಮರ್-ಕಾಡುಪಾಪಗಳ ಕವಲಿಗೂ ಟಾರ್ಸಿಯರ್-ಮಂಗಗಳ ಕವಲಿಗೂ ಸೇರಿದ ಪ್ರಾಣಿಗಳ ನಡುವಿನ ಅಂತರ ಅಲ್ಲಿ ಇನ್ನೂ ಹೆಚ್ಚು ತೆರೆದುಕೊಂಡಿಲ್ಲ. ಭಾರತದ ಭೂಖಂಡ ಆಗ ಏಷ್ಯಾವನ್ನು ಸಮೀಪಿಸುತ್ತಿದ್ದ ಕಾಲ. ಈ ಪ್ರಾಣಿಗಳು ಆ ತೇಲುವ ನೆಲದ ಮೇಲೆಯೇ ಬೆಳೆದು ಏಷ್ಯಾಕ್ಕೆ ದಾಟಿದವೋ, ಏಷ್ಯಾದಿಂದ ಇತ್ತ ಬಂದವೋ ಎಂಬ ವಾದಕ್ಕೆ ವಸ್ತಾನಿನ ಮೂಳೆಗಳನ್ನು ಎರಡೂ ಪಕ್ಷದವರು ಬಳಸುತ್ತಾರೆ.